ಕಡಲು ಸೇರುವ ಎರಡು ನದಿಗಳು: ಜಲನಿರ್ವಹಣೆಯಲ್ಲಿ ಜನತೆಯ ಪಾತ್ರ

ಕರ್ನಾಟಕದ ಶಿಲಾಶಾಸನಗಳನ್ನು ಅವಲೋಕಿಸಿದರೆ, ಬಸದಿ ದೇವಾಲಯಗಳ ನಿರ್ಮಾಣದಂತೆಯೇ ಕೆರೆಕಟ್ಟೆಗಳ ನಿರ್ಮಾಣವೂ ಧರ್ಮಕಾರ್ಯವೆಂದು ಪರಿಗಣಿತವಾಗಿದ್ದುದು ಸ್ಪಷ್ಟವಾಗುತ್ತದೆ. ಕೆರೆ ಕಟ್ಟಿಸಿದವರಿಗೆ ಕಟ್ಟುಕೊಡಗೆಯಾಗಿ ಭೂಮಿ ದೊರೆಯುತ್ತಿತ್ತು. ಕೆರೆಯ ರಕ್ಷಣೆಗೆಂದು ಬಿತ್ತುವಟ್ಟವನ್ನು ಬಿಡುತ್ತಿದ್ದರು. ಅರಸನು ದತ್ತಿ ನೀಡಿದರೂ ಏರಿಯನ್ನು ಭದ್ರಪಡಿಸುವ, ಹೂಳು ತೆಗೆಸುವ ಹೊಣೆಯಲ್ಲಿ ಊರಿನ ಗಾವುಂಡರಿಗೂ ಮಹಾಜನರಿಗೂ ಪಾಲಿತ್ತು. ನೀರಿನ ನಿರ್ವಹಣೆಯಲ್ಲಿ ಜನತೆಯ ಸಹಭಾಗಿತ್ವವೆಂದು ಇಂದು ಕರೆಯಲಾಗುವ ತತ್ತ್ವವು ಈ ನಾಡಿಗೆ ಹೊಸತಲ್ಲ.

ಘಟ್ಟದ ಕೆಳಗಿನ ಕಾರವಾರ, ಅಂಕೋಲಾ ಸೀಮೆಯಲ್ಲಿ ಈ ತತ್ತ್ವವು ಬೇರೊಂದು ರೂಪವನ್ನು ತಳೆಯಿತು. ಇಲ್ಲಿ ಮಳೆಗೆ ಕೊರತೆಯಿಲ್ಲ. ಸಿಹಿನೀರನ್ನು ಉಪ್ಪುನೀರಿನಿಂದ ರಕ್ಷಿಸಿಕೊಳ್ಳುವುದೇ ಸಮಸ್ಯೆ. ನದೀಮುಖದ ತಗ್ಗುಪ್ರದೇಶಗಳಲ್ಲಿ ಒಡ್ಡುಗಳನ್ನು ಹಾಕಿ, ಉಬ್ಬರದ ನೀರನ್ನು ಹಲಗೆಯ ಬಾಗಿಲುಗಳಿಂದ ತಡೆದು, ಉಪ್ಪನ್ನು ಸಹಿಸಬಲ್ಲ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಬೇಸಾಯವು ಉತ್ತರ ಕನ್ನಡದ ಕರಾವಳಿಯ ವೈಶಿಷ್ಟ್ಯ. ಒಬ್ಬನ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ. ಆದುದರಿಂದ ಒಡ್ಡಿನ ದುರಸ್ತಿ ಗ್ರಾಮಸ್ಥರ ಸಾಮೂಹಿಕ ಕರ್ತವ್ಯವಾಗಿತ್ತು. ನೀರಿನ ವಿಷಯದಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬಾಳಲಾಗದೆಂಬ ಪಾಠವನ್ನು ಇಲ್ಲಿನ ಜನರಿಗೆ ಕಡಲೇ ಕಲಿಸಿತ್ತು.

ಈ ಸೀಮೆಯ ಜೀವನಾಡಿಗಳಾದ ನದಿಗಳು ಎರಡು. ಜೋಯಿಡಾ ಸೀಮೆಯ ಡಿಗ್ಗಿಯ ಬಳಿ ಹುಟ್ಟುವ ಕಾಳೀ ನದಿಯು ಸುಮಾರು 184 ಕಿಲೋಮೀಟರ್ ಹರಿದು, ಬೈತಖೋಲ ಬಂದರಿನ ಉತ್ತರಕ್ಕೆ ಸದಾಶಿವಗಡದ ಅಡಿಯಲ್ಲಿ ಸಮುದ್ರವನ್ನು ಸೇರುತ್ತದೆ. ಹುಬ್ಬಳ್ಳಿ-ಧಾರವಾಡಗಳ ಪರಿಸರದಲ್ಲಿ ಹುಟ್ಟುವ ಬೇಡ್ತಿಯು ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಅಂಕೋಲಾ ತಾಲೂಕನ್ನು ಹಾದು ಮಂಜಗುಣಿಯ ಬಳಿ ಕಡಲಿಗೆ ಸಲ್ಲುತ್ತದೆ. ನೆರೆಹೊರೆಯ ಈ ನದಿಗಳು ಇಪ್ಪತ್ತನೆಯ ಶತಮಾನದಲ್ಲಿ ಪಡೆದ ಗತಿ ಮಾತ್ರ ತೀರ ಭಿನ್ನವಾದುದು.

ಕಾಳಿಗೆ ಅಣೆಕಟ್ಟುಗಳ ಸರಮಾಲೆಯೇ ಬಂದಿತು. 1987ರಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ತಾಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಪಟ್ಟಣವು ಅದರ ಹಿನ್ನೀರಿನಲ್ಲಿ ಅಡಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು. ನಿರಾಶ್ರಿತರಲ್ಲಿ ಅನೇಕರು ರಾಮನಗರದಲ್ಲಿ ನೆಲೆಸಿದರು. 1990ರ ದಶಕದ ಕೊನೆಯ ವೇಳೆಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ಎದ್ದು ನಿಂತವು. ಈ ಯೋಜನೆಗಳಿಂದ ನಾಡಿನ ಅಸಂಖ್ಯ ಮನೆಗಳಿಗೆ ಬೆಳಕು ದೊರೆತುದು ನಿರ್ವಿವಾದ. ಆದರೆ ಸೂಪಾ ಯೋಜನೆ ರೂಪುಗೊಂಡ ಕಾಲದಲ್ಲಿ, ಮುಳುಗಡೆಯ ಜನರನ್ನು ಮುಂಚಿತವಾಗಿ ಕರೆದು ವಿಚಾರಿಸುವ ಶಾಸನಬದ್ಧ ಸಾರ್ವಜನಿಕ ಆಲಿಕೆ ಇರಲಿಲ್ಲ. ಕಾಡಂಚಿನ ಚದುರಿದ ಹಳ್ಳಿಗಳ ಬಡ ಕೃಷಿಕರಿಗೆ ತಮ್ಮ ಮಾತನ್ನು ರಾಜಧಾನಿಗೆ ಮುಟ್ಟಿಸಬಲ್ಲ ಬಲವಾದ ಸಂಸ್ಥೆಯೂ ಇರಲಿಲ್ಲ.

ಬೇಡ್ತಿಗೂ 210 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಯೋಜನೆಯೊಂದು ಸಿದ್ಧವಾಗಿತ್ತು. ಅದರಿಂದ ಮುಳುಗಡೆಯಾಗುವುದರಲ್ಲಿ ದಟ್ಟ ಅರಣ್ಯದೊಡನೆ ತಲೆಮಾರುಗಳಿಂದ ಬೆಳೆಸಿದ ಅಡಿಕೆ, ಮೆಣಸು, ಏಲಕ್ಕಿಯ ತೋಟಗಳೂ ಸೇರಿದ್ದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಕಣಿವೆಯ ಜನ ನೆಲೆ ಕಳೆದುಕೊಂಡುದು ಮಲೆನಾಡಿನವರ ನೆನಪಿನಿಂದ ಮಾಸಿರಲಿಲ್ಲ. ಆದರೆ ಇಲ್ಲಿಯ ಬೆಳೆಗಾರರು ಕೇವಲ ಮನವಿಯನ್ನು ಸಲ್ಲಿಸಿ ಸುಮ್ಮನಾಗಲಿಲ್ಲ. 1923ರಲ್ಲಿ ಸ್ಥಾಪಿತವಾದ, ಅಡಿಕೆಯ ಮಾರಾಟದ ಲೆಕ್ಕದಲ್ಲಿ ನುರಿತ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘವು ಅವರ ಬೆನ್ನಿಗಿತ್ತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ಒಂದು ವಿಚಾರಸಂಕಿರಣ ಸೇರಿತು. ವಿಜ್ಞಾನಿಗಳೂ ತಜ್ಞರೂ ಕೃಷಿಕರೂ ಒಂದೆಡೆ ಕುಳಿತು ಯೋಜನೆಯ ಲಾಭನಷ್ಟಗಳನ್ನು ತೂಗಿ ನೋಡಿದರು. ಮುಳುಗುವ ಕಾಡಿಗೂ ತೋಟಕ್ಕೂ ಬೆಲೆ ಕಟ್ಟದ ಲೆಕ್ಕವು ಪೂರ್ಣ ಲೆಕ್ಕವಲ್ಲವೆಂಬುದು ಅಲ್ಲಿ ಸಿದ್ಧವಾಯಿತು. ಕೊನೆಗೆ ಯೋಜನೆಯನ್ನು ಕೈಬಿಡಲಾಯಿತು.

ಭಾರತದ ಪರಿಸರ ಚಿಂತನೆಯ ಇತಿಹಾಸದಲ್ಲಿ ಈ ಘಟನೆಗೆ ವಿಶೇಷ ಮಹತ್ತ್ವವಿದೆ. ದೊಡ್ಡ ಯೋಜನೆಯ ಲೆಕ್ಕಪತ್ರವನ್ನು ಜನರೇ ಪರೀಕ್ಷಿಸಿ, ಅದೇ ಲೆಕ್ಕದ ಭಾಷೆಯಲ್ಲಿ ಉತ್ತರ ಕೊಟ್ಟ ಸಂದರ್ಭವಿದು. ಸಾರ್ವಜನಿಕ ಆಲಿಕೆಯನ್ನು ಕಾನೂನು ಕಡ್ಡಾಯಗೊಳಿಸಿದ್ದು ಅದಾದ ಹದಿನಾರು ವರ್ಷಗಳ ಅನಂತರ, 1997ರಲ್ಲಿ. ಕಾನೂನಿಗಿಂತ ಮುಂಚೆಯೇ ಶಿರಸಿಯ ಜನ ಆ ಪದ್ಧತಿಯನ್ನು ಆಚರಿಸಿ ತೋರಿಸಿದ್ದರು.

ಅನಂತರವೂ ಈ ಜಿಲ್ಲೆಯಲ್ಲಿ ಜನರ ದನಿ ಅಡಗಲಿಲ್ಲ. ಕಾಳಿಯ ದಡದ ಕೈಗಾ ಅಣುವಿದ್ಯುತ್ ಯೋಜನೆಯನ್ನು ಪ್ರಶ್ನಿಸಿ ಡಾ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಈ ಕ್ಷೇತ್ರದಿಂದ ಸ್ಪರ್ಧಿಸಿದರು. 2020ರಲ್ಲಿ ಕಾರವಾರ ಬಂದರಿನ ವಿಸ್ತರಣೆಯ ಪ್ರಶ್ನೆ ಬಂದಾಗ ಬೈತಖೋಲದ ಮೀನುಗಾರರ ಸಹಕಾರ ಸಂಘವು ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ಬೇಡ್ತಿಯ ನೀರನ್ನು ಪೂರ್ವಕ್ಕೆ ತಿರುಗಿಸಿ ವರದಾ ನದಿಗೆ ಜೋಡಿಸುವ ಯೋಜನೆಯು ಮುಂದೆ ಬಂದಾಗ, ಸ್ವರ್ಣವಲ್ಲೀ ಮಠದ ಶ್ರೀಗಳ ಮಾರ್ಗದರ್ಶನದಲ್ಲಿ ಕೊಳ್ಳದ ಜನ ಮತ್ತೆ ಸಂಘಟಿತರಾದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕಾಳಿಯ ಜನರಿಗೂ ಬೇಡ್ತಿಯ ಜನರಿಗೂ ನೆಲದ ಮೇಲಿನ ಮಮತೆ ಸಮಾನವಾಗಿಯೇ ಇತ್ತು. ಒಂದೆಡೆ ಸಂಸ್ಥೆಯಿತ್ತು, ಅದರ ಮೂಲಕ ವಿದ್ವಾಂಸರ ಸಹಾಯ ಒದಗಿತು, ಮತ್ತೊಂದೆಡೆ ಅದಿರಲಿಲ್ಲ. ಇದೇ ಎರಡು ನದಿಗಳ ಭಾಗ್ಯದಲ್ಲಿ ಬಹುದೊಡ್ಡ ಅಂತರವನ್ನು ಉಂಟುಮಾಡಿತು. ಸಂಘಟಿತರಾದವರ ನದಿ ಮಾತ್ರ ಉಳಿಯುವುದು ನ್ಯಾಯವಲ್ಲ. ಸಂಘಟನೆಯಿಲ್ಲದವರನ್ನೂ ಹುಡುಕಿಕೊಂಡು ಹೋಗಿ ಕೇಳುವ ಹೊಣೆ ಆಡಳಿತದ್ದೂ ಸಮಾಜದ್ದೂ ಆಗಿದೆ. ನದೀಮುಖದವರಿಗೂ ಈ ವಿಚಾರಣೆಯಲ್ಲಿ ಸ್ಥಾನ ಸಲ್ಲಬೇಕು. ಮೇಲೆ ನೀರು ತಡೆದರೆ ಕೆಳಗೆ ಉಪ್ಪು ಏರುತ್ತದೆ. ಮೇಲೆ ಬಾಗಿಲು ತೆರೆದರೆ ಕೆಳಗೆ ನೆರೆ ಬರುತ್ತದೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳೀ ತೀರದ ಗ್ರಾಮಗಳು ಇದನ್ನು ಕಣ್ಣಾರೆ ಕಂಡವು.

ಹಿಂದಿನವರು ಕೆರೆಯ ಏರಿಯ ಮೇಲೆ ಶಾಸನದ ಕಲ್ಲನ್ನು ನೆಟ್ಟು, ಅದನ್ನು ಕಾಪಾಡಿದವರಿಗೆ ಪುಣ್ಯವನ್ನೂ ಕೆಡಿಸಿದವರಿಗೆ ಪಾಪವನ್ನೂ ವಿಧಿಸಿದರು. ನೀರು ಒಂದು ತಲೆಮಾರಿನ ಸ್ವತ್ತಲ್ಲವೆಂಬ ವಿವೇಕ ಆ ಮಾತಿನಲ್ಲಿದೆ. ಗಜನಿಯ ಒಡ್ಡಿಗೆ ಮಣ್ಣು ಹೊತ್ತವರೂ ಶಿರಸಿಯ ಸಭೆಯಲ್ಲಿ ಲೆಕ್ಕ ಮಂಡಿಸಿದವರೂ ಅದೇ ವಿವೇಕದ ವಾರಸುದಾರರು. ಆ ಪರಂಪರೆಯನ್ನು ಅರಿತು ಮುಂದುವರಿಸುವುದು ಇಂದಿನವರ ಪಾಲಿಗೆ ಬಂದಿರುವ ಕರ್ತವ್ಯ.