ಸಹಿ ಹಾಕಿದ್ದು ಕೋಚ್‌ಗಲ್ಲ, ಕಾಲೇಜಿಗೆ

ಅಮೆರಿಕದಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಮೇಲೆ ಕಾಲೇಜು ಸೇರ್ತಿದ್ದೀರಿ ಅಂದ್ಕೊಳ್ಳಿ. 1964ರಿಂದ ಅಲ್ಲಿ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಅನ್ನೋ ಪತ್ರ ಇತ್ತು. ಸಹಿ ಹಾಕಿ ಫ್ಯಾಕ್ಸ್ ಮಾಡಿದ್ರೆ (ಹೌದು, ಫ್ಯಾಕ್ಸ್!) 1 ವರ್ಷದ ಸ್ಕಾಲರ್‌ಶಿಪ್ ಖಾತ್ರಿ, ಬೇರೆ ಕಾಲೇಜಿನವರು ನಿಮ್ಮ ಬೆನ್ನು ಬೀಳೋ ಹಾಗಿಲ್ಲ. ನೆಮ್ಮದಿನೇ.

ಆದ್ರೆ ಮನೆಗೇ ಬಂದು ನಿಮ್ಮನ್ನ ಒಪ್ಪಿಸಿದ್ದ ಕೋಚ್ ಮರುವಾರವೇ ಬೇರೆ ಕಾಲೇಜಿಗೆ ಹೋಗಬಹುದಿತ್ತು. ನೀವು ಹೋದ್ರೆ? ಕಾಲೇಜು ಬಿಟ್ಟುಕೊಡದಿದ್ರೆ 1 ವರ್ಷ ಮೈದಾನದ ಹೊರಗೆ, ಆಡೋಕೆ ಇರೋ ಸೀಸನ್‌ಗಳಲ್ಲೂ ಒಂದು ಕಟ್. ಇದು ಯಾವ ನ್ಯಾಯ ಹೇಳಿ?

2024ರ ಅಕ್ಟೋಬರ್‌ನಲ್ಲಿ ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಆ ಪತ್ರವನ್ನೇ ತೆಗೆದುಹಾಕ್ತು. ಈಗ ನೇರವಾಗಿ ಸ್ಕಾಲರ್‌ಶಿಪ್ ಒಪ್ಪಂದಕ್ಕೇ ಸಹಿ. 2025ರ ಜುಲೈಯಿಂದ ಕಾಲೇಜುಗಳೇ ಆಟಗಾರರಿಗೆ ದುಡ್ಡೂ ಕೊಡಬಹುದು. ಸಹಿ ಆದ್ಮೇಲೆ ಬೇರೆಯವರು ನಿಮ್ಮನ್ನ ಸೆಳೆಯೋ ಹಾಗಿಲ್ಲ ಅನ್ನೋ ನಿಯಮ ಮಾತ್ರ ಹಾಗೇ ಉಳೀತು.