ಧಾತು-ಈಶ್ವರ ಬರದ ಹೊಣೆ ಯಾರದು?

ಮರಣ ಪ್ರಮಾಣಪತ್ರ ಬರೆಯುವಾಗ ವೈದ್ಯರು ಒಂದು ಕ್ರಮವನ್ನು ಅನುಸರಿಸುತ್ತಾರೆ. ಮೊದಲ ಸಾಲಿನಲ್ಲಿ ಸಾವಿನ ತಕ್ಷಣದ ಕಾರಣ, ಅದರ ಕೆಳಗೆ ಅದಕ್ಕೆ ದಾರಿ ಮಾಡಿಕೊಟ್ಟ ಕಾರಣ, ಕೊನೆಯಲ್ಲಿ ಎಲ್ಲದರ ಬುಡದಲ್ಲಿರುವ ಮೂಲ ಕಾರಣ. ‘ಹೃದಯ ನಿಂತಿತು’ ಎಂದಷ್ಟೇ ಬರೆದರೆ ಅದು ಸುಳ್ಳಾಗುವುದಿಲ್ಲ, ಆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ದೊಡ್ಡ ವಿಪತ್ತುಗಳ ಇತಿಹಾಸವನ್ನೂ ಇದೇ ಕ್ರಮದಲ್ಲಿ ಓದಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಹಿರಿಯರು ಆ ಎರಡು ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಿದ್ದ ಧಾತು-ಈಶ್ವರ ಬರವನ್ನು, ಅಂದರೆ 1876-78ರ ಮಹಾಕ್ಷಾಮವನ್ನು, ಇಲ್ಲಿ ಹಾಗೆ ಓದಲು ಪ್ರಯತ್ನಿಸಿದ್ದೇನೆ.

1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಧಾರವಾಡ, ಕಲಾದಗಿ ಮುಂಬಯಿಗೆ. ರಾಯಚೂರು, ಗುಲಬರ್ಗಾ ನಿಜಾಮರಿಗೆ. ಮೈಸೂರಿನಲ್ಲಿ ಅರಸು ಮನೆತನವಿದ್ದರೂ 1831ರಿಂದ ಆಳುತ್ತಿದ್ದವರು ಬ್ರಿಟಿಷ್ ಕಮಿಷನರರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.5 ಲಕ್ಷ, 1881ರಲ್ಲಿ ಅದು 41.9 ಲಕ್ಷಕ್ಕೆ ಇಳಿದಿತ್ತು. ಈ ವ್ಯತ್ಯಾಸವೆಲ್ಲ ಸಾವೇ ಅಲ್ಲ. ಊರು ಬಿಟ್ಟು ಹೋದವರೂ, ಆ ವರ್ಷಗಳಲ್ಲಿ ಹುಟ್ಟಬೇಕಾಗಿದ್ದು ಹುಟ್ಟದ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಹಾಗಿದ್ದರೂ ಇಷ್ಟು ದೊಡ್ಡ ಇಳಿಕೆಯನ್ನು ನಮ್ಮ ನಾಡು ಮುಂದೆಂದೂ ಕಾಣಲಿಲ್ಲ.

ಮಳೆ ಬಾರದ್ದು ತಕ್ಷಣದ ಕಾರಣ. ಅದರ ಕೆಳಗಿನ ಸಾಲನ್ನು ನೋಡೋಣ. ಬೆಂಗಳೂರಿಗೆ 1864ರಿಂದಲೇ ಜೋಲಾರಪೇಟೆಯ ಮೂಲಕ ಮದ್ರಾಸಿನ ರೈಲು ಸಂಪರ್ಕವಿತ್ತು. ಸಮುದ್ರ ಮಾರ್ಗವಾಗಿ ಮದ್ರಾಸಿಗೆ ಅಕ್ಕಿ ಬರುತ್ತಿತ್ತು, ಅಲ್ಲಿಂದ ರೈಲಿನಲ್ಲಿ ಒಳನಾಡಿಗೂ ಬರುತ್ತಿತ್ತು. ಆದರೆ ಹೊಲದಲ್ಲಿ ಕೆಲಸವಿಲ್ಲದ ಕೂಲಿಯವನ ಕೈಯಲ್ಲಿ ಅದನ್ನು ಕೊಳ್ಳಲು ಕಾಸಿರಲಿಲ್ಲ. ಅನುಕೂಲವಂತ ರೈತನ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ಕೂಲಿಯವನಿಗೆ ಹಗೇವೇ ಇರಲಿಲ್ಲ. ಆದ್ದರಿಂದ ಪ್ರಶ್ನೆ ಮೋಡದ್ದಷ್ಟೇ ಅಲ್ಲ. ಕೊಳ್ಳುವ ಶಕ್ತಿ ಕಳೆದುಕೊಂಡವನಿಗೆ ಸರ್ಕಾರ ಏನು ಕೊಟ್ಟಿತು, ಯಾವಾಗ ಕೊಟ್ಟಿತು ಎಂಬುದು ಮುಂದಿನ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಮೂರು ವರ್ಷ ಹಿಂದಕ್ಕೆ, ಬಿಹಾರಕ್ಕೆ ಹೋಗಬೇಕು. 1873-74ರಲ್ಲಿ ಅಲ್ಲಿ ಬೆಳೆ ಹೋದಾಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿ ಹಂಚಿದರು. ಹಸಿವಿನ ಸಾವು ಬಹುಮಟ್ಟಿಗೆ ನಿಂತಿತು. ಅದಕ್ಕೆ ಅವರಿಗೆ ಸಿಕ್ಕಿದ್ದು ದುಂದುಗಾರನೆಂಬ ಟೀಕೆ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ವೈಸ್‌ರಾಯ್ ಲಿಟ್ಟನ್ ಇದೇ ಟೆಂಪಲ್ಲರನ್ನು ದಕ್ಷಿಣದ ಕ್ಷಾಮ ಪ್ರದೇಶಗಳಿಗೆ ಕಳುಹಿಸಿದರು. ಖರ್ಚು ಹಿಡಿತದಲ್ಲಿರಬೇಕು, ಧಾನ್ಯದ ಖಾಸಗಿ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಎಂಬುದು ಲಿಟ್ಟನ್ ನೀತಿ. ಹಿಂದೆ ಬೈಸಿಕೊಂಡಿದ್ದ ಟೆಂಪಲ್ ಈ ಸಲ ಕಟ್ಟುನಿಟ್ಟಾಗಿ ನಡೆದುಕೊಂಡರು.

ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಅಲ್ಪ ಕಾಸು. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಇದೇ ಚರಿತ್ರೆಯಲ್ಲಿ ‘ಟೆಂಪಲ್ ಕೂಲಿ’ ಎಂದು ಕುಪ್ರಸಿದ್ಧವಾಯಿತು. ಅಷ್ಟು ಅಕ್ಕಿಯಿಂದ ಸಿಗುವುದು ಸುಮಾರು 1,600 ಕ್ಯಾಲೊರಿ. ಕಲ್ಲು ಒಡೆಯುವ, ಮಣ್ಣು ಹೊರುವ ದೇಹಕ್ಕೆ ಅದರ ಎರಡರಷ್ಟಾದರೂ ಬೇಕು.

ಇದನ್ನು ಅಂದೇ ಹೇಳಿದ ವೈದ್ಯರೊಬ್ಬರಿದ್ದರು: ಮದ್ರಾಸ್ ಪ್ರಾಂತದ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್. ಜೈಲಿನ ಕೈದಿಗಳ ಆಹಾರಕ್ಕೆ ಹೋಲಿಸಿದರೂ ಇದು ಕಡಿಮೆ. ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ, ತರಕಾರಿ ಬೇಕು ಎಂದು ಅವರು ಬರಹದಲ್ಲೇ ವಾದಿಸಿದರು. ಕೊನೆಗೆ ಮದ್ರಾಸ್ ಸರ್ಕಾರ ಅರ್ಧ ದಾರಿ ಬಂದು, ಧಾನ್ಯವನ್ನು ಸುಮಾರು 570 ಗ್ರಾಮಿಗೆ ಏರಿಸಿ ಸ್ವಲ್ಪ ಬೇಳೆ ಸೇರಿಸಿತು. ಆ ಹೊತ್ತಿಗೆ ಅಮೂಲ್ಯವಾದ ವಾರಗಳು ಕಳೆದುಹೋಗಿದ್ದವು.

ಹಸಿದ ದೇಹಕ್ಕೆ ಆ ವಾರಗಳೇ ಮುಖ್ಯ. ಮದ್ರಾಸಿನಲ್ಲಿ ಕ್ಷಾಮದಿಂದ ಸತ್ತವರ ಶವಪರೀಕ್ಷೆ ನಡೆಸಿದ ಡಾ. ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಆ ಕ್ಷಾಮದ ರೋಗಗಳ ಬಗ್ಗೆ ಒಂದು ಗ್ರಂಥವನ್ನೇ ಪ್ರಕಟಿಸಿದರು. ದೀರ್ಘಕಾಲದ ಉಪವಾಸದಲ್ಲಿ ಕರುಳು ಕೂಡ ಸವೆಯುತ್ತದೆ. ಆಮೇಲೆ ಅನ್ನ ಕೊಟ್ಟರೂ ಅದು ದಕ್ಕದೆ ಭೇದಿಯಾಗಿ ಹೋಗುತ್ತದೆ. ಗಂಜಿ ಕೇಂದ್ರ ತಲುಪಿದ ಮೇಲೂ ಜನ ಸತ್ತದ್ದಕ್ಕೆ ಇದೊಂದು ಕಾರಣ. ಇಂಥವರ ಸಾವು ಲೆಕ್ಕಪುಸ್ತಕದಲ್ಲಿ ‘ಭೇದಿ’, ‘ಕಾಲರಾ’, ‘ಜ್ವರ’ ಎಂದು ದಾಖಲಾಗುತ್ತಿತ್ತು. ಹಸಿವಿನ ಹೆಸರು ಮೊದಲ ಸಾಲಿಗೂ ಬರಲಿಲ್ಲ, ಕೊನೆಯ ಸಾಲಿಗೂ ಬರಲಿಲ್ಲ.

ಇನ್ನು ಮೈಸೂರು. ಇಲ್ಲಿ ಗಂಜಿ ಕೇಂದ್ರಗಳಿದ್ದವು, ಸಣ್ಣಪುಟ್ಟ ಕಾಮಗಾರಿಗಳಿದ್ದವು. ಎಲ್ಲವನ್ನೂ ಒಂದು ಕೈಯಲ್ಲಿ ಹಿಡಿದು ನಡೆಸುವ ವ್ಯವಸ್ಥೆ ಇರಲಿಲ್ಲ. 1877ರ ಸೆಪ್ಟೆಂಬರಿನಲ್ಲಿ ಲಿಟ್ಟನ್ ಸ್ವತಃ ಇಲ್ಲಿಗೆ ಬಂದು ಹೋದ ಮೇಲೆ ಚಾರ್ಲ್ಸ್ ಎಲಿಯಟ್ ಕ್ಷಾಮ ಕಮಿಷನರಾಗಿ ನೇಮಕಗೊಂಡರು, ದೊಡ್ಡ ಕಾಮಗಾರಿಗಳಿಗೆ ಒತ್ತು ಬಂತು. ಬೆಂಗಳೂರು-ಮೈಸೂರು ರೈಲು ಹಾದಿ ಕ್ಷಾಮ ಪರಿಹಾರದ ಕೆಲಸವಾಗಿ ಶುರುವಾದದ್ದು ಆ ಕಾಲದಲ್ಲೇ. ಆದರೆ ಬರ ಆರಂಭವಾಗಿ ಆಗಲೇ ಒಂದು ವರ್ಷ ದಾಟಿತ್ತು.

ಬರ ಮುಗಿದ ಮೇಲೆ ಸರ್ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಅದರಿಂದ ಹುಟ್ಟಿದ ಕ್ಷಾಮ ಸಂಹಿತೆಗಳು ಮುಂದೆ ಉಪಕಾರಕ್ಕೆ ಬಂದವು ಎಂಬುದನ್ನು ಮರೆಯಬಾರದು. ಯಾವ ಸೂಚನೆ ಕಂಡಾಗ ಯಾವ ಅಧಿಕಾರಿ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟ ನಿಯಮಗಳು ಅವು. ಆದರೆ ಆ ಆಯೋಗದ ಕಾರ್ಯದರ್ಶಿ ಯಾರು? ಮೈಸೂರಿನಲ್ಲಿ ಪರಿಹಾರ ನಡೆಸಿದ್ದ ಅದೇ ಎಲಿಯಟ್. ಚಿಕಿತ್ಸೆ ಕೊಟ್ಟವರೇ ಮರಣೋತ್ತರ ಪರೀಕ್ಷೆಯನ್ನೂ ಬರೆದಂತಾಯಿತು.

ಬಿಲ್ಲು ಕಟ್ಟಿದವರು ಯಾರು? 1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂತಿರುಗಿಸಿದಾಗ, ಜೊತೆಗೆ ಕ್ಷಾಮಕಾಲದ 80 ಲಕ್ಷ ರೂಪಾಯಿ ಸಾಲವನ್ನೂ ವಹಿಸಿಕೊಟ್ಟರು. ವರ್ಷಕ್ಕೆ 24.5 ಲಕ್ಷದ ಪೊಗದಿ ಬೇರೆ. ದಿವಾನ್ ರಂಗಾಚಾರ್ಲು ಅವರು ಖರ್ಚು ಕಡಿತದಿಂದಲೇ ಆಡಳಿತ ಆರಂಭಿಸಬೇಕಾಯಿತು. ಬರದಲ್ಲಿ ಬದುಕುಳಿದ ರೈತನೇ, ತಾನು ಮಾಡದ ತೀರ್ಮಾನಗಳ ಬೆಲೆಯನ್ನು ಕಂದಾಯದ ರೂಪದಲ್ಲಿ ತೆತ್ತ.

ಇದೆಲ್ಲ ವಸಾಹತು ಕಾಲದ ಮಾತು, ಈಗ ಹಾಗಿಲ್ಲ ಎನ್ನುವಂತಿಲ್ಲ. ನಾವು ನೆಲೆಸಿರುವ ಈ ಅಮೆರಿಕದಲ್ಲೇ, 1995ರ ಜುಲೈನಲ್ಲಿ ಷಿಕಾಗೋ ನಗರದಲ್ಲಿ ಬಿಸಿಗಾಳಿಗೆ ನೂರಾರು ಜನ ಸತ್ತರು. ಹೆಚ್ಚಿನವರು ಒಂಟಿಯಾಗಿದ್ದ ಬಡ ವೃದ್ಧರು. ಶವಪರೀಕ್ಷಕ ವೈದ್ಯಾಧಿಕಾರಿ ಈ ಸಾವುಗಳಿಗೆ ಬಿಸಿಲೇ ಕಾರಣವೆಂದು ಬರೆದರೆ, ಮೇಯರ್ ಆ ಲೆಕ್ಕವನ್ನೇ ಪ್ರಶ್ನಿಸಿದರು. ನಂತರದ ಅಧ್ಯಯನಗಳು ಹೆಚ್ಚುವರಿ ಸಾವುಗಳ ಸಂಖ್ಯೆಯನ್ನು 739 ಎಂದು ಗುರುತಿಸಿ ವೈದ್ಯರ ಮಾತನ್ನೇ ಎತ್ತಿಹಿಡಿದವು. ಸಾವಿನ ಕಾರಣ ಏನೆಂಬ ಜಗಳ ಅಲ್ಲಿಯೂ ಹೊಣೆ ಯಾರದೆಂಬ ಜಗಳವೇ ಆಗಿತ್ತು.

ಹೊಣೆಯನ್ನು ಅಳೆಯಲು ಮೂರು ಪ್ರಶ್ನೆ ಸಾಕು ಎಂದು ನನಗೆ ತೋರುತ್ತದೆ. ಗೊತ್ತಿತ್ತೇ? ಅಧಿಕಾರವಿತ್ತೇ? ಹಣವಿತ್ತೇ? ತಾಲ್ಲೂಕಿನ ಅಮಲ್ದಾರನಿಗೆ ಎಲ್ಲರಿಗಿಂತ ಮೊದಲು ಗೊತ್ತಿತ್ತು, ಉಳಿದ ಎರಡು ಇರಲಿಲ್ಲ. ಕಾರ್ನಿಷ್ ಅವರಿಗೆ ಗೊತ್ತಿತ್ತು, ಹೇಳಿದರು, ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಟೆಂಪಲ್ ಅವರಿಗೆ ತಿಳಿವಳಿಕೆಯೂ ಇತ್ತು, ಬಿಹಾರದ ಅನುಭವವೂ ಇತ್ತು; ಮೇಲಿನವರ ಮೆಚ್ಚುಗೆಗಾಗಿ ಅದನ್ನು ಬದಿಗಿಟ್ಟರು. ಮೂರೂ ಒಟ್ಟಿಗೆ ಇದ್ದದ್ದು ವೈಸ್‌ರಾಯ್ ಮೇಜಿನ ಮೇಲೆ. ಮೂಲ ಕಾರಣದ ಸಾಲಿನಲ್ಲಿ ಲಿಟ್ಟನ್ ಹೆಸರಿನ ಜೊತೆಗೆ ಇನ್ನೊಂದನ್ನೂ ಬರೆಯಬೇಕು: ಜೀವ ಉಳಿಸಿದ ಅಧಿಕಾರಿಯನ್ನು ಖರ್ಚಿನ ನೆಪದಲ್ಲಿ ಬೈದು, ಹಣ ಉಳಿಸಿದವನನ್ನು ಮೆಚ್ಚಿದ ಆಡಳಿತ ಪದ್ಧತಿ. ಲಿಟ್ಟನ್ ಕಾಲವಾಗಿ ನೂರಮೂವತ್ತು ವರ್ಷಗಳೇ ದಾಟಿವೆ. ಆ ಪದ್ಧತಿ ಮಾತ್ರ ಇನ್ನೂ ಎಲ್ಲೆಲ್ಲಿ ಉಸಿರಾಡುತ್ತಿದೆ ಎಂದು ಕೇಳುತ್ತಲೇ ಇರಬೇಕಾದವರು ನಾವು.