ಹೊಲಿಗೆ ಬಿಚ್ಚದ ಹಾಸಿಗೆ

ಅರಮನೆಗಳ ಚರಿತ್ರೆಯನ್ನೂ ಆಯುಧಗಳ ಚರಿತ್ರೆಯನ್ನೂ ಓದಿಕೊಂಡು ಬಂದ ನಾವು ಹಾಸಿಗೆಯ ಚರಿತ್ರೆಯನ್ನು ವಿಚಾರಿಸುವುದು ಅಪರೂಪ. ಆಯುಷ್ಯದ ಮೂರರಲ್ಲೊಂದು ಪಾಲನ್ನು ಅದರ ಮೇಲೆಯೇ ಕಳೆಯುತ್ತೇವೆಂಬುದು ಬೇರೆ ಮಾತು. ನನಗೆ ಆ ಕುತೂಹಲ ಹುಟ್ಟಿದ್ದು ಬೆನ್ನುನೋವಿನ ದೆಸೆಯಿಂದ. ‘ಹೈಬ್ರಿಡ್’ ಎಂಬ ಹೊಸ ಬಗೆಯ ಹಾಸಿಗೆಯನ್ನು ಕೊಳ್ಳಲೆಂದು ನಾವಿಬ್ಬರೂ ಅಂಗಡಿಗೆ ಹೋಗಿದ್ದೆವು. ನನ್ನ ಹೆಂಡತಿ ಅದರ ನಾಲ್ಕೂ ಅಂಚುಗಳನ್ನು ಸವರಿ ನೋಡಿ, “ಇದರ ಹೊಲಿಗೆ ಬಿಚ್ಚುವುದು ಎಲ್ಲಿಂದ?” ಎಂದು ಕೇಳಿದಳು. ಅಂಗಡಿಯ ಹುಡುಗ ತಬ್ಬಿಬ್ಬಾದ.

ಅವಳ ಪ್ರಶ್ನೆ ತಮಾಷೆಯದಾಗಿರಲಿಲ್ಲ. ನಮ್ಮ ಬಾಲ್ಯದ ಗಾದಿಗೆ ಹೊಲಿಗೆ ಬಿಚ್ಚುವ ದಿನವೊಂದು ಇದ್ದೇ ಇತ್ತು. ಬೇಸಿಗೆಯಲ್ಲಿ ಪಿಂಜಾರ ಕಾಕಾ ತನ್ನ ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಓಣಿಗೆ ಬರುತ್ತಿದ್ದ. ಅಂಗಳದಲ್ಲಿ ಗಾದಿಯ ಹೊಟ್ಟೆ ಸೀಳಿ, ಕಲ್ಲಿನಂತೆ ಗಟ್ಟಿಯಾದ ಅರಳೆಯನ್ನು ರಾಶಿ ಹಾಕಿ, ಬಿಲ್ಲಿನ ನರವನ್ನು ಮೀಟುತ್ತ ಹಿಂಜಲು ಕೂತನೆಂದರೆ ಮಧ್ಯಾಹ್ನದ ಹೊತ್ತಿಗೆ ರಾಶಿ ಮೂರು ಪಟ್ಟಾಗುತ್ತಿತ್ತು. ಹಳೆಯದನ್ನು ಎಸೆದುಬಿಡೋಣವೆಂದು ಅವ್ವ ಒಮ್ಮೆ ಅಂದಾಗ ಅವನು ಹೇಳಿದ್ದು ನೆನಪಿದೆ: “ಅರಳಿ ಸತ್ತಿಲ್ರೀ ಅವ್ವಾರ, ಉಸಿರು ಕಟ್ಟೇತಿ ಅಷ್ಟ.” ಸಂಜೆ ದಬ್ಬಣದಿಂದ ಹೊಲಿಗೆ ಹಾಕಿ ಹೋದರೆ ಮುಂದಿನ ಕೆಲವು ವರ್ಷಗಳಿಗೆ ಚಿಂತೆಯಿಲ್ಲ. ಒಳಗೆ ಏನಿದೆಯೆಂಬುದು ಮನೆಯವರೆಲ್ಲರಿಗೂ ಗೊತ್ತಿತ್ತು; ಕಣ್ಣಾರೆ ಕಂಡಿದ್ದೆವಲ್ಲ!

ಹಳಗನ್ನಡದ ‘ಪಾಸು’ ಮುಂದೆ ‘ಹಾಸು’ ಆಯಿತು, ಹಾಸುವುದೇ ಹಾಸಿಗೆ. ಇಂಗ್ಲಿಷಿನ ‘ಮ್ಯಾಟ್ರೆಸ್’ ಎಂಬ ಮಾತಿನ ಮೂಲವೂ ಅರಬ್ಬಿಯ ‘ಮತ್ರಹ್’, ಅಂದರೆ ಏನನ್ನಾದರೂ ಹಾಕುವ, ಒಗೆಯುವ ಎಡೆ. ರಾತ್ರಿ ಹಾಸಿ ಬೆಳಿಗ್ಗೆ ಸುತ್ತಿಡುವ ವಸ್ತುವಿಗೆ ಇಟ್ಟ ಹೆಸರುಗಳಿವು. ಈ ಸುತ್ತಿಡುವ ರೂಢಿಗೆ ಕೊನೆ ಹಾಡಿದ್ದು ಉಕ್ಕಿನ ಸುರುಳಿ.

ಹತ್ತೊಂಬತ್ತನೆಯ ಶತಮಾನದ ಯುರೋಪು ಅಮೆರಿಕಗಳಲ್ಲಿ ಸಾರೋಟಿನ ಆಸನದ ಕೆಳಗಿದ್ದ ಸ್ಪ್ರಿಂಗು ಮಲಗುವ ಕೋಣೆಯನ್ನು ಹೊಕ್ಕಿತು. ಡಮರುಗದಂತೆ ನಡು ಸಣ್ಣಗಿರುವ ಈ ಸುರುಳಿಗಳನ್ನು ಒಂದಕ್ಕೊಂದು ತಂತಿಯಿಂದ ಬಿಗಿಯುತ್ತಿದ್ದರು. ‘ಬಾನೆಲ್’ ಎಂಬ ಹೆಸರಿನಲ್ಲಿ ಅವು ಇಂದಿಗೂ ಬಳಕೆಯಲ್ಲಿವೆ. ಅವುಗಳ ದೋಷವೆಂದರೆ ಒಂದು ಕುಗ್ಗಿದರೆ ನೆರೆಯ ಸುರುಳಿಗಳೂ ಕುಗ್ಗುವುದು. ಗಂಡ ಮಗ್ಗುಲು ಬದಲಿಸಿದರೆ ಹೆಂಡತಿಗೆ ಎಚ್ಚರ! ಕೆನಡಾದಲ್ಲಿ ನೆಲೆಸಿದ್ದ ಯಂತ್ರಶಿಲ್ಪಿ ಜೇಮ್ಸ್ ಮಾರ್ಷಲ್ 1900ರ ಸುಮಾರಿಗೆ ಇದಕ್ಕೊಂದು ಪರಿಹಾರ ಕಂಡುಹಿಡಿದ. ಪ್ರತಿಯೊಂದು ಸುರುಳಿಯನ್ನೂ ಬಟ್ಟೆಯ ಪುಟ್ಟ ಚೀಲದಲ್ಲಿ ಹೊಲಿದರೆ ಭಾರ ಬಿದ್ದದ್ದು ಮಾತ್ರ ಕುಗ್ಗುತ್ತದೆ. ಈ ಕೈಗೆಲಸ ದುಬಾರಿಯಾಗಿದ್ದುದರಿಂದ ಶ್ರೀಮಂತರಿಗಷ್ಟೇ ಎಟುಕುತ್ತಿತ್ತು. 1925ರಲ್ಲಿ ಅಮೆರಿಕದ ಸಿಮನ್ಸ್ ಕಂಪನಿ ಚೀಲಕ್ಕೆ ಸುರುಳಿ ತುಂಬುವ ಯಂತ್ರದ ನೆರವಿನಿಂದ ಅದನ್ನು ಪೇಟೆಗೆ ತಂದಿತು.

ಇನ್ನು ಫೋಮ್. ಫೋಮ್ ಎಂದರೆ ನೊರೆ ತಾನೆ? ಅದರ ಕತೆ ನಡೆದದ್ದೂ ನೊರೆಯಿಂದಲೇ. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ವಿಜ್ಞಾನಿ ಇ. ಎ. ಮರ್ಫಿ ರಬ್ಬರಿನ ಹಾಲನ್ನು ನೊರೆಯೆಬ್ಬಿಸಿ ಮೆತ್ತೆ ಮಾಡಿದ; ಅದಕ್ಕೆ ಮಡದಿಯ ಅಡುಗೆಮನೆಯ ಕಡೆಯುವ ಯಂತ್ರವನ್ನೇ ಬಳಸಿದನೆಂದು ಹೇಳುವುದುಂಟು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರಿಥೇನನ್ನು ಕಂಡುಹಿಡಿದ; ಅದರ ಮೆದು ಫೋಮು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಮೈಯ ಅಚ್ಚನ್ನು ಹಿಡಿದು ನಿಧಾನವಾಗಿ ಮೇಲೇಳುವ ‘ಮೆಮೊರಿ ಫೋಮ್’ 1966ರಲ್ಲಿ ನಾಸಾದ ವಿಮಾನದ ಆಸನಗಳ ಪ್ರಯೋಗದಿಂದ ಹುಟ್ಟಿತು. ನಮ್ಮ ನಾಡಿನ ಪಾಲೂ ಈ ಚರಿತ್ರೆಯಲ್ಲಿ ಇಲ್ಲದಿಲ್ಲ. 1962ರಲ್ಲಿ ಮಣಿಪಾಲದ ಪೈ ಮನೆತನದವರು ಆರಂಭಿಸಿದ ಕಂಪನಿ ತೆಂಗಿನ ನಾರಿಗೆ ರಬ್ಬರಿನ ಹಾಲು ಬೆರೆಸಿದ ‘ಕರ್ಲಾನ್’ ಹಾಸಿಗೆಯನ್ನು ಮನೆಮಾತಾಗಿಸಿತು. ಪಿಂಜಾರನ ಬಿಲ್ಲು ನಮ್ಮ ಓಣಿಗಳಲ್ಲಿ ಮೌನವಾಗುತ್ತ ಬಂದದ್ದೂ ಇಂಥ ಹಾಸಿಗೆಗಳ ಕಾಲದಲ್ಲಿಯೇ. ಅವನ ಮಕ್ಕಳು ಆಮೇಲೆ ಯಾವ ಕೆಲಸ ಹಿಡಿದರೆಂದು ನಾವಾರೂ ವಿಚಾರಿಸಲಿಲ್ಲ.

‘ಹೈಬ್ರಿಡ್’ ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ‘ವರಲಕ್ಷ್ಮಿ’ ಹತ್ತಿ ಎರಡು ಜಾತಿಗಳ ಸಂಕರವೇ. ಈ ಹಾಸಿಗೆಯೂ ಅಂಥದು. ಕೆಳಗೆ ಚೀಲದ ಸುರುಳಿಗಳು, ಮೇಲೆ ಎರಡು ಮೂರು ಅಂಗುಲ ಫೋಮು. ಸುರುಳಿ ಭಾರವನ್ನು ಹೊರುತ್ತದೆ, ಫೋಮು ಮೈಯ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ಬರಿಯ ಫೋಮು ನಮ್ಮ ಬೇಸಿಗೆಯಲ್ಲಿ ಬೆವರಿಳಿಸುತ್ತದೆ. ಸುರುಳಿಗಳ ನಡುವೆ ಗಾಳಿಯಾಡುವುದರಿಂದ ಆ ಬಾಧೆ ಕಡಿಮೆ.

ಆದರೆ ಇಬ್ಬರ ಆಯುಷ್ಯವೂ ಒಂದೇ ಅಲ್ಲ. ಉಕ್ಕು ಗಟ್ಟಿಮುಟ್ಟಾಗಿರುವಾಗಲೇ ಮೇಲಿನ ಫೋಮು ಗುಂಡಿ ಬೀಳಬಹುದು. ಎರಡನ್ನೂ ಅಂಟಿನಿಂದ ಕೂಡಿಸಿರುವುದರಿಂದ ಹಿಂಜಿಸುವ ಮಾತೇ ಇಲ್ಲ. ಆದಕಾರಣ ಕೊಳ್ಳುವ ಮೊದಲೇ ಒಳಗನ್ನು ಕೇಳಿ ತಿಳಿಯಬೇಕು. ಸುರುಳಿಗಳು ಬಿಡಿಬಿಡಿ ಚೀಲದವೋ, ತಂತಿ ಬಿಗಿದ ಬಾನೆಲ್ಲೋ? ಫೋಮಿನ ಸಾಂದ್ರತೆಯೆಷ್ಟು? ಅಂಗಡಿಯವರು ‘40 ಡೆನ್ಸಿಟಿ’ ಎಂದರೆ ಘನ ಮೀಟರಿಗೆ 40 ಕಿಲೋ ಎಂದರ್ಥ. ಗಡಸುತನ ಬೇರೆ, ಸಾಂದ್ರತೆ ಬೇರೆ. ಮೆತ್ತಗಿರುವ ಫೋಮು ಸಾಂದ್ರವಾಗಿಯೂ ಇರಬಲ್ಲುದು, ಬಾಳಿಕೆ ಬರುವುದೂ ಅಂಥದೇ. ತಂತಿಯ ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳುವೆಂಬುದನ್ನೂ ಮರೆಯಬಾರದು.

ಬೆನ್ನುನೋವಿಗೆ ಹಲಗೆಯಂಥ ಹಾಸಿಗೆಯೇ ಮದ್ದೆಂಬ ವೈದ್ಯರೊಬ್ಬರ ಮಾತನ್ನು ನಂಬಿ ನಾನು ಹಲವು ವರ್ಷ ಬರಿಯ ಹಲಗೆಯ ಮೇಲೆ ಚಾಪೆ ಹಾಸಿ ಮಲಗಿದವನು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನವೊಂದು ನನ್ನ ಕಣ್ಣಿಗೆ ಬಿದ್ದದ್ದು ತೀರ ತಡವಾಗಿ. ಬಹುಕಾಲದ ಸೊಂಟನೋವಿದ್ದ 313 ಮಂದಿಯನ್ನು ಪರೀಕ್ಷಿಸಿದಾಗ, ಗಡಸು ಹಾಸಿಗೆಗಿಂತ ಮಧ್ಯಮ ಗಡಸಿನದೇ ಹೆಚ್ಚು ನೆಮ್ಮದಿ ಕೊಟ್ಟಿತಂತೆ. ನನ್ನ ತಪಸ್ಸು ವ್ಯರ್ಥವಾಯಿತು!

ಅಂಗಡಿಯ ಹುಡುಗ ಒಳ್ಳೆಯವನು. ನಮ್ಮ ಪ್ರಶ್ನೆಗಳಿಂದ ಬೇಸತ್ತರೂ, ಒಳಗನ್ನು ತೋರಿಸಲೆಂದೇ ಕೊಯ್ದಿಟ್ಟ ಮಾದರಿಯ ತುಂಡೊಂದನ್ನು ತಂದು ತೋರಿಸಿದ. ಚಪ್ಪಲಿ ಬಿಟ್ಟು, ನಾಚಿಕೆಯನ್ನೂ ಬಿಟ್ಟು, ನಾವಿಬ್ಬರೂ ಕಾಲು ಗಂಟೆ ಎರಡೂ ಮಗ್ಗುಲಾಗಿ ಮಲಗಿ ನೋಡಿದೆವು. ಹಾಸಿಗೆ ಮನೆಗೆ ಬಂತು. ಹಳೆಯ ಗಾದಿಯನ್ನು ಒಯ್ಯಲು ಬಂದ ಗುಜರಿಯವನನ್ನು ಮಾತ್ರ ನನ್ನ ಹೆಂಡತಿ ಬರಿಗೈಯಲ್ಲಿ ಕಳಿಸಿದಳು. ಅರಳೆ ಇನ್ನೂ ಚೆನ್ನಾಗಿದೆಯಂತೆ. ಹಿಂಜುವವರು ಎಲ್ಲಾದರೂ ಸಿಕ್ಕಾರೇ ಎಂದು ವಿಚಾರಿಸುತ್ತಿದ್ದಾಳೆ.